ಬಿದ್ದು ಕಾಲು ಮುರ್ಕೊಂಡಿರೋ ಬೆಕ್ಕು, ಮನೇಲಿ ದಿನಾ ಕಿರಿಕಿರಿ: ಅನುಭವ ಇರೋರು ದಯವಿಟ್ಟು ಹೇಳಿ

ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಿಗೆ ಮೂರು ವರ್ಷ, ಹೋದ ಭಾನುವಾರ ಯುಟಿಲಿಟಿ ಕಿಟಕೀಲಿ ಪಾರಿವಾಳ ಹಿಡಿಯೋಕೆ ಹೋಗಿ ಮೂರನೇ ಮಹಡಿಯಿಂದ ಕೆಳಗೆ ಬಿದ್ಲು. ಹಿಂದಿನ ಬಲಗಾಲು, ತೊಡೆ ಮೂಳೆ ಮುರಿದಿದೆ. ಆಪರೇಷನ್ ಮಾಡಿ ಪಿನ್ ಹಾಕಿದಾರೆ, ಆರು ವಾರ ಕೇಜಲ್ಲೇ ಇರ್ಬೇಕು, ಹಾರೋ ಹಾಗೇ ಇಲ್ಲ ಅಂದಿದಾರೆ. ಇವತ್ತಿಗೆ ಐದನೇ ದಿನ. ರಾತ್ರಿಯೆಲ್ಲಾ ಕೂಗ್ತಾಳೆ, ಹೊಲಿಗೆ ನೆಕ್ಕದಂಗೆ ಕತ್ತಿಗೆ ಪ್ಲಾಸ್ಟಿಕ್ ಕೋನ್ ಹಾಕಿದ್ರೆ ಊಟ ಮುಟ್ಟಲ್ಲ, ಇನ್ನೊಂದು ಬೆಕ್ಕು ಗುಂಡ ಇಷ್ಟು ದಿನ ಅವಳ ಜೊತೆ ಒಂದೇ ಹಾಸಿಗೇಲಿ ಮಲಗ್ತಿದ್ದೋನು ಈಗ ಅವಳನ್ನ ಕಂಡ್ರೆ ಬುಸ್ ಅಂತಾನೆ. ಇದೆಲ್ಲಕ್ಕಿಂತ ಜಾಸ್ತಿ ಅತ್ತೇದು. ಹಾಲಲ್ಲಿ ಕೇಜು, ಪಕ್ಕದಲ್ಲೇ ದೇವರ ಮನೆ, ವಾಸನೆ ಬೇರೆ, ಬೆಳಿಗ್ಗೆ ಎದ್ದ ತಕ್ಷಣ ಅದೇ ಮಾತು. ನಮ್ಮ ಯಜಮಾನ್ರು ಇಬ್ಬರ ಮಧ್ಯೆ ಸಿಕ್ಕಿ ಮಾತಾಡೋದೇ ಬಿಟ್ಟಿದಾರೆ, ನಿನ್ನೆ ರಾತ್ರಿ ಮಾತ್ರ ಎಲ್ಲಾದ್ರೂ ಶೆಲ್ಟರಿಗೆ ಬಿಡೋಣ್ವಾ ಅಂದ್ರು. ನಂಗೆ ಊಟ ಸೇರ್ತಿಲ್ಲ. ಈ ಆರು ವಾರ ಹೆಂಗೆ ದಾಟೋದು?

ಮೈಸೂರಿನಿಂದ

ಓದಿ ಹೊಟ್ಟೆ ಚುರುಕ್ ಅಂತು, ಯಾಕಂದ್ರೆ ಮೂರು ವರ್ಷದ ಹಿಂದೆ ನಾನು ಇದೇ ಜಾಗದಲ್ಲಿ ಕೂತಿದ್ದೆ. ನಮ್ಮ ಪುಟ್ಟನಿಗೆ ಬೈಕ್ ತಾಗಿ ಸೊಂಟದ ಮೂಳೆ ಬಿರುಕು ಬಿಟ್ಟಿತ್ತು, ಆಪರೇಷನ್ ಬೇಡ ಅಂದ್ರು ಆದ್ರೆ ಕೇಜು ಮಾತ್ರ ಆರು ವಾರ. ನಾವು ಆರು ಜನ ಇರೋ ಮನೆ, ಶುದ್ಧ ಸಸ್ಯಾಹಾರಿಗಳು, ಅತ್ತೆ ದಿನಾ ಮಡೀಲಿ ಪೂಜೆ ಮಾಡೋರು.

ಮೊದಲನೇದು ಕೇಜನ್ನ ಹಾಲಿಂದ ಇವತ್ತೇ ಎತ್ತಿ. ನಾನೂ ಕಣ್ಣ ಮುಂದೆ ಇರ್ಲಿ ಅಂತ ಹಾಲಲ್ಲೇ ಇಟ್ಟಿದ್ದೆ, ಅದೇ ತಪ್ಪಾಗಿದ್ದು. ಬಾಗಿಲು ಬೆಲ್, ಕುಕ್ಕರ್ ವಿಜಲ್, ಟೀವಿ, ಹೋಗೋರು ಬರೋರು, ಬೆಕ್ಕಿಗೆ ಒಂದು ಗಳಿಗೆ ಕಣ್ಣು ಮುಚ್ಚೋಕೆ ಆಗ್ತಿರ್ಲಿಲ್ಲ, ಹಗಲು ನಿದ್ದೆ ಇಲ್ದೆ ರಾತ್ರಿ ಕೂಗೋದು. ನಮ್ಮ ಬೆಡ್‌ರೂಮಿನ ಮೂಲೆಗೆ ತಂದು, ಮೂರು ಕಡೆ ಹಳೇ ಕಾಟನ್ ಸೀರೆ ಹೊದಿಸಿ, ಮುಂದುಗಡೆ ಮಾತ್ರ ತೆರೆದಿಟ್ಟೆ. ಎರಡನೇ ರಾತ್ರಿಗೆ ಕೂಗು ಅರ್ಧಕ್ಕರ್ಧ ಕಮ್ಮಿ ಆಯ್ತು. ಕೇಜು ನಾಯಿಗೆ ಬಳಸೋ ದೊಡ್ಡದೇ ಇರ್ಲಿ, ಎದ್ದು ನಿಂತು ತಿರುಗೋಕೆ, ಕಾಲು ಚಾಚೋಕೆ, ಒಂದು ತುದೀಲಿ ಮಲಮೂತ್ರದ ಟ್ರೇ ಇಡೋಕೆ ಜಾಗ ಬೇಕು. ಒಳಗೆ ಅಟ್ಟ ಗಿಟ್ಟ ಏನೂ ಇರಬಾರ್ದು, ಇದ್ರೆ ಹತ್ತೇ ಹತ್ತುತ್ತೆ.

ಆದ್ರೆ ಕೂಗೋದೆಲ್ಲಾ ಬೇಜಾರಿಗೇ ಅಂತ ಅಂದ್ಕೋಬೇಡಿ. ನೋವಿಗೂ ಕೂಗಬಹುದು, ಆದ್ರೂ ನೋವಿದ್ರೆ ಬೆಕ್ಕು ಸಾಮಾನ್ಯವಾಗಿ ಸುಮ್ಮನಾಗುತ್ತೆ, ಮುದುಡಿ ಕೂರುತ್ತೆ, ಕಣ್ಣು ಅರ್ಧ ಮುಚ್ಕೊಳ್ಳುತ್ತೆ, ಮೈ ನೆಕ್ಕೋದು ಬಿಡುತ್ತೆ. ಹಂಗಿದ್ರೆ ಡಾಕ್ಟ್ರಿಗೆ ಹೇಳಿ ನೋವಿನ ಔಷಧಿ ಸರಿ ಮಾಡಿಸ್ಕೊಳ್ಳಿ. ಮೂತ್ರ ದಿನಾ ಆಗ್ತಿದ್ಯಾ ಕಣ್ಣಾರೆ ನೋಡಿ, ಬಿದ್ದ ಬೆಕ್ಕಲ್ಲಿ ಮೂತ್ರಕೋಶಕ್ಕೆ ಪೆಟ್ಟಾಗಿದ್ರೂ ಆಗಿರುತ್ತೆ. ಒಂದಿಡೀ ದಿನ ಆಗಿಲ್ಲ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಮಲಗಿರೋವಾಗ ಪಕ್ಕೆ ಎಷ್ಟು ಸಲ ಏಳುತ್ತೆ ಎಣಿಸಿ, ನಿಮಿಷಕ್ಕೆ 30ರ ಒಳಗಿದ್ರೆ ಸರಿ, ಅದಕ್ಕಿಂತ ಮೇಲಿದ್ರೆ ಅಥವಾ ಬಾಯಿ ತೆಗೆದು ಉಸಿರಾಡಿದ್ರೆ ಆಗ್ಲೇ ಕರ್ಕೊಂಡು ಹೋಗಿ. ಎತ್ತರದಿಂದ ಬಿದ್ದ ಬೆಕ್ಕಲ್ಲಿ ಎದೇ ಒಳಗಿನ ಪೆಟ್ಟು ಕೆಲವು ಸಲ ತಡವಾಗಿ ತೋರುತ್ತಂತೆ.

ಊಟ. ಕೋನ್ ಹಾಕ್ಕೊಂಡು ತಿನ್ನೋಕಾಗಲ್ಲ ಅವಕ್ಕೆ, ಅಂಚು ನೆಲಕ್ಕೆ ತಾಗುತ್ತೆ. ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲೆ ಕಾಫಿ ಸಾಸರ್ ಇಡಿ, ಸಾಸರು ಕೋನಿನ ಬಾಯಿಗಿಂತ ಚಿಕ್ಕದಿರ್ಬೇಕು, ಆಗ ಮುಖ ಇಳಿಸಿ ತಿನ್ನುತ್ತೆ. ಇಲ್ಲಾ ಎದುರಿಗೇ ಕೂತು ಕೋನ್ ತೆಗೆದು ತಿನ್ನಿಸಿ, ಬಾಯಿ ಒರೆಸಿ, ವಾಪಸ್ ಹಾಕಿ. ಪಾಪ ಅಂತ ಹಾಗೇ ಬಿಟ್ಟು ಸ್ನಾನಕ್ಕೆ ಹೋದ್ರೆ ಬರೋಷ್ಟರಲ್ಲಿ ಹೊಲಿಗೆ ಕಿತ್ತಿರುತ್ತೆ, ಅದರ ನಾಲಿಗೆ ಅರದ ಥರ ಇರುತ್ತೆ. ಎರಡು ದಿನ ಏನೂ ತಿನ್ಲಿಲ್ಲ ಅಂದ್ರೆ ಲಿವರಿಗೇ ಹೊಡೆತ ಬೀಳುತ್ತೆ, ಅದ್ರಲ್ಲೂ ದಪ್ಪ ಬೆಕ್ಕಿಗೆ, ಅದಕ್ಕೆ ಒಂದು ದಿನ ತಿನ್ಲಿಲ್ಲ ಅಂದ್ರೇನೇ ಫೋನ್ ಮಾಡಿ.

ನಾನು ಮೊದಲ ವಾರ ಮನೇಲಿ ಗಲಾಟೆ ಬೇಡ ಅಂತ ಮೊಸರನ್ನ, ಹಾಲು ಹಾಕ್ತಿದ್ದೆ. ಹಾಲಿಗೆ ಭೇದಿ ಆಯ್ತು. ಕೇಜಲ್ಲಿ ಮಲಗಿರೋ, ಏಳೋಕಾಗದ ಬೆಕ್ಕಿಗೆ ಭೇದಿ ಅಂದ್ರೆ ಏನು ಅಂತ ನೀವೇ ಯೋಚಿಸಿ, ಬಾಲ ತೊಡೆ ಎಲ್ಲಾ ಒರೆಸಿ ಒರೆಸಿ ಚರ್ಮ ಕೆಂಪಗಾಗಿತ್ತು. ಗಾಯ ಮಾಯಬೇಕಾದ್ರೆ ಮಾಂಸದ ಊಟ ಬೇಕೇ ಬೇಕು ಬೆಕ್ಕಿಗೆ, ಅದರ ಮೈ ಇರೋದೇ ಹಾಗೆ. ಅತ್ತೆ ಹತ್ರ ನೇರವಾಗೇ ಹೇಳಿದೆ, ಅಮ್ಮ ಅಡುಗೆಮನೆ ಒಳಗೆ ಏನೂ ತರಲ್ಲ, ಪ್ಯಾಕೆಟ್ ಬಾಲ್ಕನೀಲೇ ಒಡೀತೀನಿ, ಅದರ ಚಮಚ ತಟ್ಟೆ ಅಲ್ಲೇ ಇರುತ್ತೆ, ಅಲ್ಲೇ ತೊಳೀತೀನಿ ಅಂತ. ಅವ್ರು ಇನ್ನೊಂದು ಸೇರಿಸಿದ್ರು, ನಾನು ಐದೂವರೆಗೆ ಸ್ನಾನಕ್ಕೆ ಎದ್ದಾಗ ಆ ಟ್ರೇ ಕಣ್ಣಿಗೆ ಬೀಳಬಾರ್ದು, ಮೂಗಿಗೂ ಬರಬಾರ್ದು ಅಂತ. ಸರಿ ಅಂದೆ. ಐದಕ್ಕೆ ಅಲಾರಾಂ ಇಟ್ಟು ಎದ್ದೆ, ನಲವತ್ತೆರಡು ದಿನ, ಒಂದು ದಿನಾನೂ ತಪ್ಪಿಸ್ಲಿಲ್ಲ.

ಅಕ್ಕ, ನಂಗೆ ಅನ್ಸಿದ್ದು ಇಷ್ಟು, ಮನೆಯೋರಿಗೆ ಬೆಕ್ಕಿನ ಮೇಲೆ ಸಿಟ್ಟಿರೋದು ಕಮ್ಮಿ, ಇದು ಯಾವಾಗ ಮುಗಿಯುತ್ತೋ ಗೊತ್ತಿಲ್ಲ ಅನ್ನೋ ಸಿಟ್ಟೇ ಜಾಸ್ತಿ. ನಾನು ಅಡುಗೆಮನೆ ಕ್ಯಾಲೆಂಡರಲ್ಲಿ ಕೊನೇ ಎಕ್ಸ್‌ರೇ ದಿನಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕ್ದೆ. ಅತ್ತೆ ಕನ್ನಡಕ ಹಾಕ್ಕೊಂಡು ಬಂದು ನೋಡಿ 'ಅವತ್ತು ಏಕಾದಶಿ, ಬೆಳಿಗ್ಗೆ ಬೇಗ ಮುಗಿಸ್ಕೊಂಡು ಬಾ' ಅಂದ್ರು. ಅವತ್ತಿಂದ ಜಗಳ ನಿಲ್ತು. ಅವ್ರು ಪುಟ್ಟನ್ನ ಇವತ್ತಿಗೂ ಮುಟ್ಟಲ್ಲ, ನಾನೂ ಮುಟ್ಟಿ ಅಂತ ಕೇಳಿಲ್ಲ.

ಟ್ರೇ ವಿಷ್ಯ ಮರೆತಿದ್ದೆ. ಒಂದು ಕಡೆ ಅಂಚು ಎರಡು ಬೆರಳು ಎತ್ತರಕ್ಕೆ ಕತ್ತರಿಸಿ, ಕಾಲು ಎತ್ತಿ ಇಡೋ ಹಾಗಿರಬಾರ್ದು. ಹೊಲಿಗೆ ಒಣಗೋವರೆಗೂ ಟ್ರೇಗೆ ಹಾಕೋ ಮರಳಿನ ಥರದ ಲಿಟ್ಟರ್ ಬೇಡ, ಗಾಯಕ್ಕೆ ಅಂಟುತ್ತೆ, ನ್ಯೂಸ್‌ಪೇಪರ್ ಉದ್ದುದ್ದ ಹರಿದು ಹಾಕಿ.

ಧಾರವಾಡದಿಂದ

ಅಕ್ಕಾರ, ಗುಂಡನ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ನಮ್ಮನ್ಯಾಗೂ ಎರಡು ಬೆಕ್ಕ ಅದಾವ, ಒಂದಕ್ಕ ಆಪರೇಶನ್ ಮಾಡಿಸಿ ಮನಿಗೆ ತಂದಾಗ ಇನ್ನೊಂದು ಹಿಂಗ ಬುಸ್ ಅಂತು, ಎರಡು ವರ್ಷ ಒಂದ ತಾಟಿನ್ಯಾಗ ಉಂಡಾವ್ರೀ ಅವು. ದವಾಖಾನಿ ವಾಸನಿ ರೀ ಅದು. ಬೆಕ್ಕಿಗೆ ಮಾರಿಗಿಂತ ವಾಸನಿ ಮುಖ್ಯ, ಸ್ಪಿರಿಟ್ಟು, ಔಷಧ, ಬ್ಯಾರೆ ಪ್ರಾಣಿ ವಾಸನಿ ಹೊಡದ್ರ ಇದು ನಮ್ಮದಲ್ಲ ಯಾರೋ ಹೊರಗಿಂದು ಬಂದೈತಿ ಅಂತ ಹೆದರ್ತಾವು. ಒಂದು ವಾರ ಇಬ್ಬರ್ನೂ ಬ್ಯಾರೆ ಖೋಲಿಯೊಳಗ ಇಡ್ರಿ. ಒಂದು ಹಳೇ ಬನಿಯನ್ ತಗೊಂಡು ಚಿನ್ನಿ ಗಲ್ಲಕ್ಕ ತಿಕ್ಕಿ ಗುಂಡನ ಹಾಸಿಗ್ಯಾಗ ಹಾಕ್ರಿ, ಗುಂಡನದು ಚಿನ್ನಿ ಕೇಜಿನ್ಯಾಗ. ಆಮ್ಯಾಲೆ ಬಾಗಿಲ ಈ ಕಡೆ ಒಬ್ಬರಿಗೆ ಆ ಕಡೆ ಒಬ್ಬರಿಗೆ ಒಂದ ಹೊತ್ತಿಗೆ ಊಟ. ನಮ್ಮವು ಹನ್ನೆರಡು ದಿನ ತಗೊಂಡ್ವು. ಮತ್ತ ಒಂದು ಮಾತು, ಗುಂಡಗ ದಿನಾ ಹತ್ತು ಹದಿನೈದು ನಿಮಿಷ ಬ್ಯಾರೆ ಆಟ ಆಡಸ್ರಿ, ಮನಿಮಂದಿ ಎಲ್ಲಾ ಕೇಜಿನ ಮುಂದ ಕುಂತ್ರ ಅದಕ್ಕೂ ಸಂಕಟ ಆಗ್ತದ.

ತುಮಕೂರಿನಿಂದ

ನಾನು ಬರೆಯೋದು ಒಂದೇ ವಿಷ್ಯಕ್ಕೆ, ದಯವಿಟ್ಟು ಮನೇಲಿರೋ ಎಲ್ರಿಗೂ ಓದಿ ಹೇಳಿ. ನಮ್ಮ ಬೆಕ್ಕು ಗೋಡೆಯಿಂದ ಬಿದ್ದು ಕುಂಟ್ತಿತ್ತು, ನಾನು ಆಫೀಸಲ್ಲಿದ್ದೆ, ಅದರ ನರಳಾಟ ನೋಡೋಕಾಗ್ದೆ ಅಪ್ಪ ಅರ್ಧ ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಲಲ್ಲಿ ಕೊಟ್ಟಿದ್ರು. ಪ್ರೀತಿಯಿಂದ್ಲೇ ಕೊಟ್ಟಿದ್ದು. ಸಂಜೆ ನಾನು ಬರೋಷ್ಟರಲ್ಲಿ ಮುಖ ಊದಿತ್ತು, ವಸಡು ಚಾಕಲೇಟ್ ಬಣ್ಣಕ್ಕೆ ತಿರುಗಿತ್ತು, ಏದುಸಿರು ಬಿಡ್ತಿತ್ತು. ಉಳೀಲಿಲ್ಲ. ಆ ಮಾತ್ರೆ ಅರಗಿಸೋ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ರಕ್ತ ಆಮ್ಲಜನಕ ಹೊರೋದನ್ನೇ ಬಿಡುತ್ತೆ ಅಂತ ಆಮೇಲೆ ಡಾಕ್ಟ್ರು ಬಿಡಿಸಿ ಹೇಳಿದ್ರು, ಬೇಗ ತಂದಿದ್ರೆ ಅದಕ್ಕೆ ಮದ್ದೂ ಇದೆಯಂತೆ. ಡೋಲೋ, ಕ್ರೋಸಿನ್, ಯಾವ ಹೆಸರಲ್ಲಿದ್ರೂ ಅದು ಅದೇ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ. ಮನುಷ್ಯರ ಡಬ್ಬಿಯಿಂದ ಒಂದು ಚೂರೂ ಬೇಡ. ಡಾಕ್ಟ್ರು ಬೆಕ್ಕಿಗೆ ಅಂತಾನೇ ಬರೆದ ನೋವಿನ ಔಷಧಿನೂ ಅವ್ರು ಹೇಳಿದಷ್ಟೇ ಹನಿ, ಹೇಳಿದಷ್ಟೇ ದಿನ. ಅಪ್ಪ ಇವತ್ತಿಗೂ ಆ ಮಾತು ಬಂದ್ರೆ ಎದ್ದು ಹೊರಗೆ ಹೋಗ್ತಾರೆ.

ವಾಸನೆ ಹೋಗ್ಲಿ ಅಂತ ಕೇಜಿನ ಹತ್ರ ಫಿನೈಲ್, ಡೆಟ್ಟಾಲ್ ಹಾಕಿ ಒರೆಸಬೇಡಿ. ನೆಲದ್ದು ಪಾದಕ್ಕೆ ಅಂಟುತ್ತೆ, ಪಾದ ನೆಕ್ಕುತ್ತೆ. ಬಿಸಿನೀರು, ಸೋಪು ಸಾಕು, ಒಣಗಿದ ಮೇಲೆ ಬಿಡಿ.

ಶಿವಮೊಗ್ಗದಿಂದ

ನಮ್ದು ಹಳ್ಳಿ ಮನೆ, ಕೇಜು ಗೀಜು ಇರ್ಲಿಲ್ಲ. ಗಂಡು ಬೆಕ್ಕು ಜಗಳಾಡಿ ಬಂದಿತ್ತು, ಕೆನ್ನೆ ಹತ್ರ ಸಣ್ಣ ತೂತು, ಅಮ್ಮ ಅರಿಶಿನ ಎಣ್ಣೆ ಹಚ್ಚಿ ಸರಿಹೋಗುತ್ತೆ ಅಂದ್ರು. ಮೇಲೆ ಮುಚ್ಚಿತು, ಒಳಗೆ ಕೀವು. ನಾಲ್ಕನೇ ದಿನ ನಿಂಬೆಹಣ್ಣಷ್ಟು ಊದಿ, ಮೈ ಬೆಂಕಿ, ಇಲ್ಲಿನ ವೆಟರಿನರಿ ಕಾಲೇಜು ಆಸ್ಪತ್ರೆಗೆ ಒಯ್ದಾಗ ಕುಯ್ದು ತೆಗೆದ್ರು. ಕಚ್ಚಿದ ಗಾಯ ಎಷ್ಟು ಚಿಕ್ಕದಿದ್ರೂ ತೋರಿಸಿ. ಮನೇಲಿ ತೊಳೀಬೇಕಂದ್ರೆ ಮೆಡಿಕಲ್ ಶಾಪಲ್ಲಿ ಸಿಗೋ ಸಲೈನ್ ಬಾಟಲಿ ಸಾಕು. ಬಚ್ಚಲಮನೆ ಪಕ್ಕದ ಕಟ್ಟಿಗೆ ಇಡೋ ಕೋಣೆ ಖಾಲಿ ಮಾಡಿ, ಹತ್ತೋಕೆ ಏನೂ ಇಲ್ದಂಗೆ ಮಾಡಿ, ಗೋಣಿಚೀಲದ ಮೇಲೆ ಹಳೇ ಕಂಬಳಿ ಹಾಸಿ ಹದಿನೈದು ದಿನ ಅಲ್ಲೇ ಇಟ್ವಿ. ದುಡ್ಡಿನ ತೊಂದ್ರೆ ಇದ್ರೆ ಸಂಕೋಚ ಬೇಡ, ಸರ್ಕಾರಿ ಆಸ್ಪತ್ರೆಗೆ ಹೋಗಿ, ಬೆಂಗಳೂರಲ್ಲಿ ಹೆಬ್ಬಾಳದ ವೆಟರಿನರಿ ಕಾಲೇಜಲ್ಲೂ ಆಸ್ಪತ್ರೆ ಇದೆ, ಬೆಳಿಗ್ಗೆ ಬೇಗ ಹೋದ್ರೆ ಒಳ್ಳೇದು.

ಇನ್ನೊಂದು, ನೋವಲ್ಲಿರೋ ಬೆಕ್ಕು ಸಾಕಿದೋರ್ನೂ ಕಚ್ಚುತ್ತೆ. ನನ್ನ ತಂಗಿಗೆ ಕಚ್ಚಿತ್ತು. ಹದಿನೈದು ನಿಮಿಷ ಹರಿಯೋ ನೀರಲ್ಲಿ ಸೋಪು ಹಚ್ಚಿ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಶುರು ಮಾಡಿಸಿದ್ವಿ. ಮಾತ್ರೆ ಕೊಡೋವಾಗ ಕೂಸಿಗೆ ಸುತ್ತೋ ಹಾಗೆ ದಪ್ಪ ಟವೆಲಲ್ಲಿ ಸುತ್ತಿ ತಲೆ ಮಾತ್ರ ಹೊರಗೆ ಬಿಡಿ, ಮುರಿದ ಕಾಲು ಮಡಚದಂಗೆ ನೋಡ್ಕೊಳ್ಳಿ, ಮಾತ್ರೆ ಆದ್ಮೇಲೆ ಸಿರಿಂಜಲ್ಲಿ ಸ್ವಲ್ಪ ನೀರು ಬಾಯಿ ಪಕ್ಕದಿಂದ ಬಿಡಿ. ಕೆಲವು ಮಾತ್ರೆ ಗಂಟಲಲ್ಲೇ ಉಳಿದ್ರೆ ಹುಣ್ಣಾಗುತ್ತೆ.

ಹಾಸನದಿಂದ

ಮನೇಲಿ ಯಾರಾದ್ರೂ ಬಸುರಿ ಇದಾರಾ? ನಮ್ಮ ನಾದಿನಿ ಹೆರಿಗೆಗೆ ಬಂದಿದ್ರು, ಬೆಕ್ಕಿಂದ ಮಗುವಿಗೆ ತೊಂದ್ರೆ ಅಂತ ಮನೆಯೆಲ್ಲಾ ರಣರಂಗ ಆಗಿತ್ತು. ಅವರ ಡಾಕ್ಟ್ರನ್ನೇ ಕೇಳಿದ್ವಿ. ಟ್ರೇ ಬೇರೆಯೋರು ದಿನಾ ತೆಗೆದ್ರೆ, ಕೈ ಸೋಪಲ್ಲಿ ತೊಳೆದ್ರೆ ಸಾಕು, ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮಾ ಅನ್ನೋ ಕ್ರಿಮಿ ಅಂಟೋ ಸ್ಥಿತಿಗೆ ಬರೋಕೆ ಕಮ್ಮಿ ಅಂದ್ರೂ ಒಂದು ದಿನ ಬೇಕು, ಬೆಕ್ಕಿಗೆ ಹಸಿ ಮಾಂಸ ಹಾಕ್ಬೇಡಿ ಅಂದ್ರು. ಬೆಕ್ಕೂ ಉಳೀತು, ನಾದಿನಿನೂ ನೆಮ್ಮದಿಯಾಗಿದ್ರು.

ಕೇಳಿದವರು, ಮೂರು ವಾರದ ಮೇಲೆ

ಎಲ್ಲರಿಗೂ ಕೈ ಮುಗೀತೀನಿ. ಕೇಜು ನಮ್ಮ ರೂಮಿಗೆ ಬಂದಿದೆ, ಸೀರೆ ಹೊದಿಸಿದ ಮೇಲೆ ನಿದ್ದೆ ಮಾಡ್ತಾಳೆ. ತುಮಕೂರಿನವರು ಬರೆದಿದ್ದನ್ನ ಊಟದ ಹೊತ್ತಲ್ಲಿ ಎಲ್ರಿಗೂ ಓದಿದೆ, ಯಾರೂ ಮಾತಾಡ್ಲಿಲ್ಲ, ಆಮೇಲೆ ಮಾವ ಎದ್ದು ಮಾತ್ರೆ ಡಬ್ಬಿ ತೆಗೆದು ಬೀರು ಒಳಗಿಟ್ರು. ಅತ್ತೆ ಹತ್ರ ಕೂತು ಏನು ಕಷ್ಟ ಆಗ್ತಿದೆ ಹೇಳಿ ಅಂತ ಕೇಳಿದೆ. ವಾಸನೆ ಅಲ್ವಂತೆ, ರಾತ್ರಿ ಅದರ ಕೂಗು ಕೇಳಿದ್ರೆ ಎದೆ ಹೊಡ್ಕೊಳ್ಳುತ್ತೆ, ನಿದ್ದೆ ಬರಲ್ಲ ಅಂದ್ರು. ನಂಗೆ ಇಷ್ಟು ದಿನ ಅದು ಹೊಳೆದೇ ಇರ್ಲಿಲ್ಲ. ಯಜಮಾನ್ರು ಯುಟಿಲಿಟಿಗೆ ಸ್ಟೀಲ್ ಜಾಲರಿ ಹಾಕಿಸಿದ್ರು, ಪಾರಿವಾಳದ ನೈಲಾನ್ ನೆಟ್ಟು ಬೆಕ್ಕು ಕಚ್ಚಿ ಹರಿಯುತ್ತೆ ಅಂತ ಅದು ಬೇಡ ಅಂದೆ. ಗುಂಡ ಬುಸ್ ಅನ್ನೋದು ಬಿಟ್ಟಿದಾನೆ, ರೂಮಿನ ಬಾಗಿಲ ಸಂದೀಲಿ ಮುಂಗಾಲು ತೂರಿಸಿ ಮಲಗ್ತಾನೆ. ಚಿನ್ನಿ ನಿನ್ನೆಯಿಂದ ಆ ಕಾಲಿನ ತುದಿ ಮಾತ್ರ ನೆಲಕ್ಕೆ ಊರ್ತಿದಾಳೆ. ಸ್ವಲ್ಪ ಹೊತ್ತು ಹೊರಗೆ ಬಿಡ್ಲಾ?

ಮೈಸೂರಿನಿಂದ

ಊರ್ತಿರೋದು ಒಳ್ಳೇದೇ, ಆದ್ರೆ ಬಿಡಬೇಡಿ ಅಕ್ಕ. ಮೂರನೇ ವಾರಕ್ಕೆ ನೋವು ಕಮ್ಮಿ ಆಗಿರುತ್ತೆ, ಮೂಳೆ ಕೂಡಿರಲ್ಲ, ಒಂದು ಸಲ ಸೋಫಾ ಮೇಲೆ ಹಾರಿದ್ರೆ ಪಿನ್ ಸರಿದು ಮತ್ತೆ ಮೊದಲಿಂದ. ನೆಲ ಊರೋದನ್ನ ಕೇಜಲ್ಲೇ ಒಂದು ವಿಡಿಯೋ ಮಾಡಿ ಡಾಕ್ಟ್ರಿಗೆ ಕಳ್ಸಿ, ಎಕ್ಸ್‌ರೇ ನೋಡಿ ಅವ್ರು ಹೂಂ ಅಂದ್ಮೇಲೆ ಬಾಗಿಲು ತೆಗೀರಿ. ಕೇಜಿನ ನೆಲಕ್ಕೆ ಜಾರದಂಗೆ ಯೋಗ ಮ್ಯಾಟ್ ತುಂಡು ಹಾಕಿ, ಬರೀ ಪ್ಲಾಸ್ಟಿಕ್ ಮೇಲೆ ಆ ಕಾಲು ಜಾರುತ್ತೆ.