‘ಕರಗುವ ನಾರು’ ಬದಲು ‘ಲೋಳೆನಾರು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕೊಲೆಸ್ಟ್ರಾಲ್ ಜಾಸ್ತಿ ಇರುವ ಹಿರಿಯರಿಗಾಗಿ ಊಟ-ತಿಂಡಿಯ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಆಹಾರದ ನಾರಿನಲ್ಲಿ ‘ಕರಗುವ ನಾರು’, ‘ಕರಗದ ನಾರು’ ಅಂತ ಎರಡು ಬಗೆ ಹೇಳುತ್ತೇವೆ. ಎರಡನೆಯದಕ್ಕೆ ತಕರಾರಿಲ್ಲ. ಗೋಧಿ ತೌಡು, ಬಾಳೆದಿಂಡು ಇವೆಲ್ಲ ನಾರು ಅಂದ ಕೂಡಲೇ ನೆನಪಾಗುವಂಥವು. ತೊಡಕಿರುವುದು ಮೊದಲನೆಯದರಲ್ಲಿ. ಕರಗುತ್ತದೆ ಅಂದರೆ ಸಕ್ಕರೆಯ ಹಾಗೆ ಕರಗಿ ಮೈಗೆ ಸೇರುತ್ತದೆ ಅಂತ ತಾನೇ ಜನ ತಿಳಿಯುವುದು? ಆಗುವುದು ಬೇರೆಯೇ. ಇಸಬಗೋಲನ್ನು ನೀರಿಗೆ ಹಾಕಿ ನೋಡಿ, ಉಬ್ಬಿ ಲೋಳೆಯಾಗುತ್ತದೆ. ಓಟ್ಸ್ ಮತ್ತು ಬಾರ್ಲಿ ಗಂಜಿಯ ಜಿಗುಟು, ನೆನೆಸಿದ ಮೆಂತ್ಯದ ಲೋಳೆ, ಬೆಂಡೆಕಾಯಿಯ ಲೋಳೆ ಎಲ್ಲವೂ ಇದೇ ಗುಂಪು.

ಕೊಲೆಸ್ಟ್ರಾಲ್ ಇಳಿಸುವುದೂ ಈ ಲೋಳೆಯೇ. ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತರಸದ ಆಮ್ಲಗಳನ್ನು ತಯಾರಿಸುತ್ತದೆ. ಅವು ಕರುಳಿನಲ್ಲಿ ಕೊಬ್ಬು ಜೀರ್ಣವಾಗಲು ನೆರವಾಗುತ್ತವೆ. ಆಮೇಲೆ ಹೆಚ್ಚಿನ ಪಾಲು ಲಿವರ್‌ಗೇ ಮರಳುತ್ತದೆ. ಲೋಳೆ ಇದ್ದರೆ ಅವುಗಳಲ್ಲಿ ಒಂದಷ್ಟನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಆ ಕೊರತೆ ತುಂಬಿಸಲು ಲಿವರ್ ರಕ್ತದಿಂದ, ‘ಕೆಟ್ಟದ್ದು’ ಅಂತ ಕರೆಯುವ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. 1997ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಓಟ್ಸ್ ಪೊಟ್ಟಣದ ಮೇಲೆ ಹೃದಯಕ್ಕೆ ಒಳ್ಳೆಯದೆಂದು ಬರೆಯಲು ಒಪ್ಪಿದ್ದೂ ಇದರಿಂದಲೇ. ಲೆಕ್ಕ ಇಟ್ಟದ್ದು ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕಾನ್, ಅಂದರೆ ಓಟ್ಸ್‌ನ ಕರಗುವ ನಾರು.

ಹಾಗಾಗಿ ‘ನಾರು ಜಾಸ್ತಿ ತಿನ್ನಿ’ ಅಂತ ಸುಮ್ನೆ ಹೇಳಿದರೆ ಸಾಲದು. ರಾಗಿಯಲ್ಲಿ ನಾರು ಧಾರಾಳವಾಗಿದೆ, ಆದರೆ ಬಹುಪಾಲು ಕರಗದ್ದು. ಹೊಟ್ಟೆ ಸಲೀಸಾಗಲು ಅದು ಬೇಕೇ ಬೇಕು. ಎಲ್‌ಡಿಎಲ್ ಇಳಿಸಬೇಕಾದವರು ಜೊತೆಗೆ ಲೋಳೆಯ ಬಗೆಯನ್ನೂ ತಿನ್ನಬೇಕು. ಪದವೇ ಇದನ್ನು ಹೇಳಿದರೆ ಎಷ್ಟು ಅನುಕೂಲ, ಅಲ್ವಾ?

ನನಗೆ ತೋಚಿದ್ದು ‘ಲೋಳೆನಾರು’. ಅಳುಕು ಇಷ್ಟೇ: ಲೋಳೆ ಅಂದರೆ ಕೆಲವರಿಗೆ ಸಿಂಬಳ ನೆನಪಾಗಿ ಹೇಸಿಗೆ ಅನ್ನಿಸಬಹುದು. ‘ಅಂಟುನಾರು’ ಅನ್ನೋಣ ಅಂದರೆ, ಅಂಟಿನುಂಡೆ ತಿಂದು ಬೆಳೆದ ಉತ್ತರ ಕರ್ನಾಟಕದವರಿಗೆ ಆ ಮಾತು ಹಿತವಾಗಿಯೇ ಕೇಳಿಸೀತು. ಆದರೆ ಗೋಧಿ ಹಿಟ್ಟಿನ ಅಂಟು ಪ್ರೊಟೀನ್‌ನಿಂದ ಬರುವುದು. ಅಲ್ಲಿ ಗೊಂದಲವಾಗುತ್ತದೆ. ನನ್ನ ಒಲವು ಈಗಲೂ ಲೋಳೆನಾರಿನ ಕಡೆಗೇ.

ಇನ್ನೊಂದು ಕೇಳಬೇಕಿತ್ತು. ಬರೀ ‘ಪಿತ್ತ’ ಅಂತ ಬರೆದರೆ ಹಿರಿಯರು ತಲೆಸುತ್ತು, ವಾಂತಿ ಅಂದುಕೊಳ್ಳುತ್ತಾರೆ. ‘ಪಿತ್ತರಸ’ ಅಂದರೆ ಸಾಕೇ?

ಮೆಂತ್ಯ, ಬೆಂಡೆಕಾಯಿಯ ಈ ಲೋಳೆಗೆ ನಿಮ್ಮ ಕಡೆ ಬೇರೆ ಮಾತಿದ್ದರೆ, ಯಾವ ಊರಿನದು ಎಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.