ಆಸ್ಪತ್ರೆಯೇ ದಾಖಲೆ ವ್ಯವಸ್ಥೆ ಕೊಡುತ್ತದೆಯಂತೆ, ಸಹಿ ಹಾಕಬಹುದೇ?

ಪ್ರಶ್ನೆ (ಕುಟುಂಬ ವೈದ್ಯೆ, ಒಹಾಯೊ): ನಾವು ಮೂವರು ವೈದ್ಯರು ಸೇರಿ ಕ್ಲಿನಿಕ್ ನಡೆಸುತ್ತಿದ್ದೇವೆ. ನಮ್ಮ ದಾಖಲೆ ಸಾಫ್ಟ್‌ವೇರ್ ಹಳತಾಗಿದೆ. ಡಿಸ್ಚಾರ್ಜ್ ಸಾರಾಂಶಗಳು ಇಂದಿಗೂ ಫ್ಯಾಕ್ಸ್‌ನಲ್ಲೇ ಬರುತ್ತವೆ. ಊರಿನ ಆಸ್ಪತ್ರೆ ತಾನು ಬಳಸುವ ಎಪಿಕ್ ಎಂಬ ವಿದ್ಯುನ್ಮಾನ ದಾಖಲೆ ವ್ಯವಸ್ಥೆಯನ್ನು ನಮಗೂ ವಿಸ್ತರಿಸಿ, ಶೇ. 85ರಷ್ಟು ವೆಚ್ಚವನ್ನು ತಾನೇ ಭರಿಸುವುದಾಗಿ ಹೇಳಿದೆ. ಕಾನೂನು ಇದಕ್ಕೆ ಒಪ್ಪುತ್ತದೆಯೇ? ನಾಳೆ ರೋಗಿಗಳನ್ನು ತಮ್ಮಲ್ಲಿಗೇ ಕಳುಹಿಸಿ ಎಂದು ಒತ್ತಾಯಿಸಿದರೆ?

ಉತ್ತರ (ವೈದ್ಯಕೀಯ ದಾಖಲೆ ವ್ಯವಸ್ಥೆಗಳ ಸಲಹೆಗಾರ): ಒಪ್ಪುತ್ತದೆ ಡಾಕ್ಟರೇ, ಆದರೆ ಷರತ್ತುಗಳಿವೆ. ರೋಗಿಗಳನ್ನು ಕಳುಹಿಸುವ ವೈದ್ಯರಿಗೆ ಆಸ್ಪತ್ರೆ ಬೆಲೆಬಾಳುವ ಏನನ್ನೇ ಕೊಡಹೊರಟರೂ ಅಮೆರಿಕದ ಸ್ಟಾರ್ಕ್ ಕಾನೂನು (ವೈದ್ಯರು ತಮಗೆ ಹಣಕಾಸಿನ ನಂಟಿರುವ ಕಡೆಗೆ ರೋಗಿಗಳನ್ನು ಕಳುಹಿಸುವುದನ್ನು ತಡೆಯುವಂಥದ್ದು) ಮತ್ತು ಕಿಕ್‌ಬ್ಯಾಕ್ ವಿರೋಧಿ ಕಾನೂನು (ರೋಗಿಗಳನ್ನು ಕಳುಹಿಸಲೆಂದು ಪ್ರತಿಫಲ ಕೊಡುವುದನ್ನು ನಿಷೇಧಿಸುವಂಥದ್ದು) ಅಡ್ಡ ಬರುತ್ತವೆ. ವಿದ್ಯುನ್ಮಾನ ದಾಖಲೆಗಳಿಗಾಗಿ 2006ರಲ್ಲಿ ಎರಡಕ್ಕೂ ವಿನಾಯಿತಿ ತಂದರು. ಮೊದಲು 2013ರ ಕೊನೆಗೆ, ಆಮೇಲೆ 2021ರ ಕೊನೆಗೆ ಮುಗಿಯಬೇಕಿದ್ದ ಆ ವಿನಾಯಿತಿಯನ್ನು 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಕಾಯಂಗೊಳಿಸಿದವು.

ನಿಮ್ಮ ಪಾಲಿನ ಶೇ. 15ನ್ನು ವ್ಯವಸ್ಥೆ ಕೈಸೇರುವ ಮುನ್ನವೇ ಕಟ್ಟಬೇಕು. ಆ ಹಣವನ್ನು ಆಸ್ಪತ್ರೆ ಸಾಲವಾಗಿಯೂ ಕೊಡುವಂತಿಲ್ಲ. ಸಾಫ್ಟ್‌ವೇರ್, ತರಬೇತಿ ಈ ನೆರವಿನಲ್ಲಿ ಸೇರುತ್ತವೆ. ಕಂಪ್ಯೂಟರ್, ಪ್ರಿಂಟರ್ ಸೇರುವುದಿಲ್ಲ. ನೀವು ಎಷ್ಟು ರೋಗಿಗಳನ್ನು ಕಳುಹಿಸುತ್ತೀರಿ ಎಂಬುದನ್ನು ನೋಡಿ ನೆರವನ್ನು ನಿರ್ಧರಿಸುವಂತಿಲ್ಲ. ಸಭೆಯಲ್ಲಿ ಯಾರಾದರೂ ಅಂಥ ಮಾತು ತೆಗೆದರೆ ಅಲ್ಲಿಗೇ ನಿಲ್ಲಿಸಿ, ನಿಮ್ಮ ವಕೀಲರಿಗೆ ತಿಳಿಸಿ.

ಆದರೆ ಶೇ. 15ರ ಲೆಕ್ಕವೊಂದನ್ನೇ ನೋಡಬೇಡಿ. ನನ್ನ ಆತಂಕವಿರುವುದು ಹೊರಬರುವ ದಾರಿಯ ಬಗ್ಗೆ. ಇಂಥ ವ್ಯವಸ್ಥೆಯಲ್ಲಿ ಒಬ್ಬ ರೋಗಿಗೆ ಒಂದೇ ಕಡತ: ಆಸ್ಪತ್ರೆಯ ಹೃದ್ರೋಗ ತಜ್ಞರು ಬರೆದದ್ದೂ ಅದರಲ್ಲೇ, ನೀವು ಬರೆದದ್ದೂ ಅದರಲ್ಲೇ. ಚಿಕಿತ್ಸೆಗೆ ಇದು ದೊಡ್ಡ ವರ, ಫ್ಯಾಕ್ಸ್‌ಗಾಗಿ ಕಾಯುವ ಕಷ್ಟ ತಪ್ಪುತ್ತದೆ. ಆದರೆ ಮುಂದೊಂದು ದಿನ ನೀವು ಬೇರೆಯಾದಾಗ ಅದರಲ್ಲಿ ನಿಮ್ಮದು ಯಾವುದು? ಯಾವ ಭಾಗವನ್ನು, ಯಾವ ರೂಪದಲ್ಲಿ, ಎಷ್ಟು ದಿನಗಳಲ್ಲಿ, ಯಾರ ಖರ್ಚಿನಲ್ಲಿ ಕೊಡುತ್ತಾರೆ ಎಂಬುದು ಒಪ್ಪಂದದಲ್ಲೇ ಇರಬೇಕು. ಮಾನ್ಯತೆ ಪಡೆದ ಸಾಫ್ಟ್‌ವೇರ್‌ಗಳಿಗೆ ಎಲ್ಲ ರೋಗಿಗಳ ಮಾಹಿತಿಯನ್ನು ಒಟ್ಟಾಗಿ ಹೊರತೆಗೆಯುವ ಸಾಮರ್ಥ್ಯ ಇರಲೇಬೇಕೆಂಬ ನಿಯಮ 2023ರ ಕೊನೆಯಿಂದ ಇದೆ. ಆದರೆ ಸಾಮರ್ಥ್ಯವಿದ್ದ ಮಾತ್ರಕ್ಕೆ, ನೀವು ಕೇಳಿದ ದಿನ ಯಾರಾದರೂ ಕುಳಿತು ಆ ಕೆಲಸ ಮಾಡಿಕೊಡುತ್ತಾರೆ ಎಂದಲ್ಲ. ಬಾಯಿಮಾತಿನ ಭರವಸೆಗೆ ದಯವಿಟ್ಟು ಸಹಿ ಹಾಕಬೇಡಿ.

ಇನ್ನೊಬ್ಬರ ಪ್ರಶ್ನೆ (ಕ್ಲಿನಿಕ್ ವ್ಯವಸ್ಥಾಪಕಿ, ಟೆಕ್ಸಾಸ್): ನಾವು ಯಾವ ರೋಗಿಯನ್ನು ಯಾವ ತಜ್ಞರ ಬಳಿಗೆ ಕಳುಹಿಸುತ್ತೇವೆ ಎಂಬುದು ಆಸ್ಪತ್ರೆಗೆ ಕಾಣುವುದಿಲ್ಲವೇ?

ಉತ್ತರ: ಕಾಣಬಹುದು ಮೇಡಂ, ಇದನ್ನು ಎಲ್ಲರೂ ಕೇಳಬೇಕು. ನಿಮ್ಮ ಕ್ಲಿನಿಕ್‌ನ ರೆಫರಲ್ ವರದಿಗಳನ್ನು ಯಾರು ತೆಗೆಯಬಹುದು, ಯಾವ ಉದ್ದೇಶಕ್ಕೆ ಎಂಬುದನ್ನೂ ಬರೆಸಿಕೊಳ್ಳಿ. ಚಿಕಿತ್ಸೆಯ ಮಾಹಿತಿ ಹಂಚಿಕೊಳ್ಳುವುದು ರೋಗಿಯ ಒಳಿತಿಗೆ. ವೈದ್ಯರ ಆಯ್ಕೆಗಳ ಮೇಲೆ ಮಾರುಕಟ್ಟೆ ವಿಭಾಗ ಕಣ್ಣಿಡುವುದು ಬೇರೆಯೇ ವಿಷಯ. ಅದಕ್ಕೆ ನಾನು ಎಂದೂ ಒಪ್ಪಲಾರೆ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದಗಳು ಸರ್. ನಮ್ಮ ಹಳೆಯ ದಾಖಲೆಗಳೆಲ್ಲ ಹೊಸದಕ್ಕೆ ಬರುತ್ತವೆಯೇ?

ಉತ್ತರ: ಸಾಮಾನ್ಯವಾಗಿ ಎಲ್ಲವೂ ಬರುವುದಿಲ್ಲ. ಔಷಧಿ, ಅಲರ್ಜಿ, ಲಸಿಕೆ, ಕಾಯಿಲೆಗಳ ಪಟ್ಟಿಯನ್ನು ತರುತ್ತಾರೆ. ಹಳೆಯ ಟಿಪ್ಪಣಿಗಳು ಓದಲಷ್ಟೇ ಸಾಧ್ಯವಾಗುವಂತೆ ಉಳಿಯುತ್ತವೆ. ಯಂತ್ರ ತಂದ ಅಲರ್ಜಿ ಪಟ್ಟಿಯನ್ನು ಮಾತ್ರ ಹಾಗೇ ನಂಬಬೇಡಿ. ಪೆನಿಸಿಲಿನ್ ಆಗದವರ ಕಡತದಲ್ಲಿ ಆ ಒಂದು ಸಾಲು ಬಿಟ್ಟುಹೋದರೆ ಪ್ರಾಣಕ್ಕೇ ಅಪಾಯ. ಪ್ರತಿ ರೋಗಿಯ ಮೊದಲ ಭೇಟಿಯಲ್ಲಿ ನರ್ಸ್ ಎದುರಿಗೆ ಕೂರಿಸಿಕೊಂಡು ಒಂದೊಂದನ್ನೂ ಕೇಳಿ ಖಚಿತಪಡಿಸಿಕೊಳ್ಳಲಿ. ಅದಕ್ಕೆ ಸಮಯ ಬೇಕು, ಆದ್ದರಿಂದ ಆರಂಭದ ಕೆಲವು ವಾರ ಅಪಾಯಿಂಟ್‌ಮೆಂಟ್‌ಗಳನ್ನು ಸುಮಾರು ಅರ್ಧಕ್ಕೆ ಇಳಿಸಿ. ಆ ಆದಾಯದ ಕೊರತೆಯನ್ನು ಯಾರೂ ತುಂಬಿಕೊಡುವುದಿಲ್ಲ, ಶೇ. 15ರ ಜೊತೆಗೆ ಅದನ್ನೂ ಈಗಲೇ ಬಜೆಟ್‌ಗೆ ಸೇರಿಸಿಕೊಳ್ಳಿ.