ಶೇಡ್ ನೆಟ್ ಕಟ್ಟಿ ಮಂಜಿನ ನೀರು ಹಿಡಿಯೋಕೆ ಹೋದೆ, ಒಂದು ಲೋಟ ದಾಟಲಿಲ್ಲ

ಗಿರಿತೋಟ:
ನಮ್ಮ ತೋಟ ಚಿಕ್ಕಮಗಳೂರು ಕಡೆ ಗಿರಿ ಮೇಲೆ, ಈಗ ಬೆಳಗ್ಗೆ ಎಂಟೂವರೆ ತನಕ ಅಂಗಳದಾಚೆ ಸಿಲ್ವರ್ ಓಕ್ ಮರನೂ ಕಾಣಲ್ಲ ಅಷ್ಟು ಮಂಜು. ನರ್ಸರಿಗೆ ತಂದ 75% ನೆರಳು ಕೊಡೋ ಶೇಡ್ ನೆಟ್ ಮಿಕ್ಕಿತ್ತು, ಒಂದು ಮೀಟರ್ ಚೌಕ ಕತ್ತರಿಸಿ ಎರಡು ಬಿದಿರಿಗೆ ಕಟ್ಟಿ ಕೆಳಗೆ ಸೀಳಿದ ಪಿವಿಸಿ ಪೈಪ್ ಇಟ್ಟೆ. ಹತ್ರ ಹೋಗಿ ನೋಡಿದ್ರೆ ನೆಟ್ಟಿನ ಕಣ್ಣಲ್ಲೆಲ್ಲ ನೀರು ಸೋಪಿನ ಪೊರೆ ಥರ ಕೂತಿದೆ, ಇಳೀತಾನೇ ಇಲ್ಲ, ಬೆರಳಲ್ಲಿ ತಟ್ಟಿದ್ರೆ ಮಾತ್ರ ಸುರಿಯುತ್ತೆ. ಬೇರೆ ಯಾವ ಬಲೆ ಹಾಕ್ಬೇಕು?

ಗಾಳದವನು:
ಆ ಪೊರೇನೇ ಕಳ್ಳ ಗುರು. ಕಣ್ಣು ಮುಚ್ಚಿದ್ರೆ ಗಾಳಿ ಬಲೆ ಒಳಗೆ ನುಗ್ಗದೆ ಸುತ್ತಿ ಹೋಗುತ್ತೆ, ಮಂಜಿನ ಹನೀನೂ ಅದರ ಜೊತೆಗೇ ಹೋಯ್ತು. ಹನಿ ಅಂದ್ರೆ 40 ಮೈಕ್ರಾನ್ ಒಳಗಿಂದು (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಹೊಳೇಲಿ ತರಗೆಲೆ ಬಂಡೆ ಬಳಸಿ ಹೋಗಲ್ವಾ ಹಂಗೆ ದಪ್ಪ ದಾರ ಕಂಡ್ರೆ ಪಕ್ಕಕ್ಕೆ ಸರಿಯುತ್ತೆ, ಸಣ್ಣ ದಾರಕ್ಕಾದ್ರೆ ಬಂದು ಹೊಡೆಯುತ್ತೆ. ಆದ್ರೆ ಸಣ್ಣ ದಾರ ಅಂತ ಒತ್ತಾಗಿ ನೇಯ್ದ್ರೆ ಮತ್ತೆ ಪೊರೆ. ಅಮೆರಿಕದ ವರ್ಜೀನಿಯಾ ಟೆಕ್ ಯೂನಿವರ್ಸಿಟಿಯವರು 2018ರಲ್ಲಿ ಅಡ್ಡ ದಾರಾನೇ ತೆಗೆದುಹಾಕಿ ವೀಣೆ ತಂತಿ ಥರ ಬರೀ ಉದ್ದಕ್ಕೆ ತಂತಿ ಬಿಗಿದ್ರು, ಹನಿ ಎಲ್ಲೂ ಸಿಕ್ಕಾಕೊಳ್ದೆ ಜಾರಿ ಬಲೆಗಿಂತ ಮೂರು ಪಟ್ಟು ನೀರು ಬಂತು. ನೀವು ಗಾಳ ಹಾಕೋ ನೈಲಾನ್ ದಾರ ತಗೊಂಡು ಮರದ ಚೌಕಟ್ಟಿಗೆ ಮೇಲೆ ಕೆಳಗೆ ಬಿಗೀರಿ. ಸಡಿಲ ಬಿಟ್ರೆ ಒದ್ದೆಯಾದ್ಮೇಲೆ ಎರಡೆರಡು ದಾರ ಅಂಟ್ಕೊಂಡು ಕೂರುತ್ತೆ, ನಂಗೆ ಹಂಗೇ ಆಗಿತ್ತು.

ಹಳೇಬಾವಿ:
ಶೇಡ್ ನೆಟ್ ದಂಡ ಅಂತ ಬಿಸಾಕ್ಬೇಡಿ ಮಾರಾಯ್ರೆ. ಚಿಲಿ ದೇಶದ ಚುಂಗುಂಗೊ ಅನ್ನೋ ಮೀನುಗಾರರ ಊರಿಗೆ 1992ರಿಂದ ನೀರು ಕೊಟ್ಟಿದ್ದು ಇದೇ ಜಾತಿ ಬಲೆ, ಆದ್ರೆ 35% ನೆರಳಿಂದು, ಎರಡು ಪದರ. ಗಾಳಿಗೆ ಎರಡೂ ಪದರ ಒಂದಕ್ಕೊಂದು ಉಜ್ಜಿ ಹನಿ ಉದುರುತ್ತೆ, ನೀವು ಬೆರಳಲ್ಲಿ ತಟ್ಟಿದ್ರಲ್ಲ ಅದೇ ಕೆಲಸ. ಚದರ ಮೀಟರಿಗೆ ದಿನಕ್ಕೆ ಸರಾಸರಿ 3 ಲೀಟರ್. ಕೊನೆಗೆ ರಿಪೇರಿ ಮಾಡೋರಿಲ್ದೆ ಬಲೆ ಹರಿದು ಊರು ಟ್ಯಾಂಕರಿಗೇ ವಾಪಸ್ ಹೋಯ್ತು, ಅದು ಬೇರೆ ಕಥೆ.

ಚಳಿಗಾಲ:
ಇಷ್ಟೆಲ್ಲಾ ಯಾಕೆ, ಜಿಂಕ್ ಶೀಟ್ ಇಳಿಜಾರಾಗಿ ಇಡಿ, ನಮ್ಮನೆ ಶೀಟಿಂದ ಬೆಳಗ್ಗೆ ತಟತಟ ಅಂತ ಬೀಳುತ್ತೆ.

ಗಾಳದವನು:
ಅದು ಇಬ್ಬನಿ ಸರ್, ರಾತ್ರಿ ಶೀಟ್ ತಣ್ಣಗಾಗಿ ಗಾಳೀಲಿರೋ ಆವಿ ನೀರಾಗೋದು, ಅದಕ್ಕೆ ಗಾಳಿ ಜೋರಿರಬಾರ್ದು. ಮಂಜಲ್ಲಿ ನೀರು ಆಗ್ಲೇ ಹನಿಯಾಗಿದೆ, ಅದನ್ನ ಗಾಳಿ ತಂದು ದಾರಕ್ಕೆ ಹೊಡೀಬೇಕು. ಗಿರಿತೋಟ ಅವ್ರೇ, ನಿಮ್ಮ ಬಿದಿರು ನೆಟ್ಟಿರೋದು ಎಲ್ಲಿ?

ಗಿರಿತೋಟ:
ಮನೆ ಹಿಂದೆ, ದರೆ ಪಕ್ಕ. ಗಾಳಿ ಅಂದ್ರೆ ಒಲೆ ಹೊಗೆ ನೆಟ್ಟಗೆ ಮೇಲೆ ಹೋಗುತ್ತೆ 😅 ಮೇಲುಗಡೆ ಕಣಿವೆ ಬಾಯಲ್ಲಿ ಟೋಪಿ ನಿಲ್ಲಲ್ಲ. ಭಾನುವಾರ ಅಲ್ಲಿಗೆ ಹೊರ್ತೀನಿ, ಒಂದು ಚೌಕಕ್ಕೆ ನೆಟ್, ಒಂದಕ್ಕೆ ನೈಲಾನ್ ದಾರ.